ಮಂಡಿಚಿಪ್ಪು ಪದೇ ಪದೇ ಜಾರಿದಾಗ ಯಾವ ಕೋಡ್?

ಪ್ರಶ್ನೆ: ನಾನು ಬೆಂಗಳೂರಿನ ಮೆಡಿಕಲ್ ಕೋಡಿಂಗ್ ಸಂಸ್ಥೆಯೊಂದರಲ್ಲಿ ಅಮೆರಿಕದ ಮೂಳೆ ಚಿಕಿತ್ಸಾಲಯಗಳ ಹೊರರೋಗಿ ದಾಖಲೆಗಳಿಗೆ ರೋಗ, ಗಾಯಗಳಿಗೆ ಗೊತ್ತುಪಡಿಸಿದ ಕೋಡ್ ಹಾಕುತ್ತೇನೆ. 17 ವರ್ಷದ ಬಾಸ್ಕೆಟ್‌ಬಾಲ್ ಆಟಗಾರ್ತಿಯೊಬ್ಬಳ ಟಿಪ್ಪಣಿಯಲ್ಲಿ ‘ಬಲ ಮಂಡಿಚಿಪ್ಪಿನ ಅಸ್ಥಿರತೆ, ಎರಡು ವರ್ಷಗಳಲ್ಲಿ ಮೂರು ಬಾರಿ ಜಾರಿದೆ, ನಿನ್ನೆ ಆಡುವಾಗ ಮತ್ತೆ ಜಾರಿತು’ ಎಂದಷ್ಟೇ ಇತ್ತು. ನಾನು ಎಂ22.01 ಹಾಕಿದೆ. ಎಸ್83.014ಎ ಹಾಕಬೇಕಿತ್ತು ಎಂದು ಆಡಿಟರ್ ತಪ್ಪು ಹಿಡಿದರು. ಯಾರದು ಸರಿ?

ಉತ್ತರ: ನೀವು ಕಳುಹಿಸಿದ ಮಾತುಗಳಷ್ಟೇ ದಾಖಲೆಯಲ್ಲಿದ್ದರೆ ಎರಡು ಕೋಡ್‌ಗಳಿಗೂ ಆಧಾರ ಸಾಲದು. ‘ಜಾರಿತು’ ಎಂಬುದು ರೋಗಿಯ ಮಾತು. ಚಿಪ್ಪು ತನ್ನ ತೋಡಿನಿಂದ ಪೂರ್ತಿ ಹೊರಬಿದ್ದರೆ ಅದು ಡಿಸ್‌ಲೊಕೇಶನ್, ಅರ್ಧ ಸರಿದು ತಾನಾಗಿಯೇ ಮರಳಿದರೆ ಸಬ್‌ಲಕ್ಸೇಶನ್. ಮರುಕಳಿಸುವ ಡಿಸ್‌ಲೊಕೇಶನ್‌ಗೆ ಎಂ22.0 ಗುಂಪು, ಮರುಕಳಿಸುವ ಸಬ್‌ಲಕ್ಸೇಶನ್‌ಗೆ ಎಂ22.1 ಗುಂಪು, ಎರಡರಲ್ಲೂ ಐದನೆಯ ಅಂಕಿ 1 ಆದರೆ ಬಲಗಾಲು, 2 ಆದರೆ ಎಡಗಾಲು, 0 ಆದರೆ ಕಾಲು ನಮೂದಾಗಿಲ್ಲ ಎಂದರ್ಥ. ಹೀಗಾಗಿ ನೀವು ಹಾಕಿದ ಎಂ22.01 ಸರಿಯಿರಬಹುದು, ಆದರೆ ಎಂ22.11 ಕೂಡ ಅಷ್ಟೇ ಸಾಧ್ಯ, ಮತ್ತು ಇವೆರಡರ ನಡುವೆ ಆಯ್ಕೆ ಮಾಡುವುದು ಕೋಡರ್‌ನ ಕೆಲಸವಲ್ಲ, ವೈದ್ಯರ ಕೆಲಸ. ‘ಅಸ್ಥಿರತೆ’ ಎಂಬ ಪದವೊಂದನ್ನೇ ನಂಬಿ ಹೊರಟರೆ, ಬಲ ಮಂಡಿಯ ಇತರ ಅಸ್ಥಿರತೆ ಎಂಬ ಅರ್ಥದ ಎಂ25.361ರಂಥ ಸಡಿಲ ಕೋಡ್‌ಗೆ ಬಂದು ನಿಲ್ಲುವ ಅಪಾಯವಿದೆ. ಅದರಲ್ಲಿ ಚಿಪ್ಪಿನ ಸುಳಿವೂ ಇಲ್ಲ, ಮೂರು ಸಲದ ನೋವಿನ ಇತಿಹಾಸವೂ ಇಲ್ಲ.

ಆಡಿಟರ್ ಹೇಳಿದ ಕೋಡ್‌ನಲ್ಲಿ ಇನ್ನೂ ಹೆಚ್ಚಿನ ಊಹೆಯಿದೆ. ಎಸ್83.014 ಎಂದರೆ ಬಲಚಿಪ್ಪು ಹೊರಬದಿಗೆ ಡಿಸ್‌ಲೊಕೇಟ್ ಆಗಿದೆ ಎಂದು, ಕೊನೆಯ ‘ಎ’ ಎಂದರೆ ಆ ಗಾಯಕ್ಕೆ ಸಕ್ರಿಯ ಚಿಕಿತ್ಸೆ ನಡೆಯುತ್ತಿದೆ ಎಂದು. ಚಿಪ್ಪು ಸಾಮಾನ್ಯವಾಗಿ ಜಾರುವುದು ಹೊರಬದಿಗೇ ಎಂಬುದು ನಿಜ. ಆದರೆ ದಾಖಲೆಯಲ್ಲಿ ದಿಕ್ಕೇ ಇಲ್ಲದಿರುವಾಗ ಅದನ್ನು ನಾವು ತುಂಬಿಸುವಂತಿಲ್ಲ. ಡಿಸ್‌ಲೊಕೇಶನ್ ಎಂದು ಬರೆದು ದಿಕ್ಕನ್ನು ಬಿಟ್ಟಿದ್ದರೂ ಎಸ್83.004ಎಗಿಂತ ಮುಂದೆ ಹೋಗುವ ಹಕ್ಕು ನಮಗಿರುತ್ತಿರಲಿಲ್ಲ.

ಈಗ ಮುಖ್ಯ ಗೊಂದಲಕ್ಕೆ ಬರುತ್ತೇನೆ. ಅಮೆರಿಕದಲ್ಲಿ 2015ರ ಅಕ್ಟೋಬರ್ 1ರಿಂದ ಬಳಕೆಯಲ್ಲಿರುವ ಐಸಿಡಿ-10-ಸಿಎಂ ಎಂಬ ರೋಗ ಕೋಡ್‌ಗಳ ಪಟ್ಟಿಯ ಅಧಿಕೃತ ಮಾರ್ಗಸೂಚಿಯು 13ನೆಯ ಅಧ್ಯಾಯದ ಭಾಗದಲ್ಲಿ ಇದನ್ನೇ ಬಗೆಹರಿಸಿದೆ: ಹಳೆಯ ಅಥವಾ ಮರುಕಳಿಸುವ ಮೂಳೆ-ಕೀಲು ತೊಂದರೆ ಸಾಮಾನ್ಯವಾಗಿ 13ನೆಯ ಅಧ್ಯಾಯಕ್ಕೆ, ಅಂದರೆ ಎಂ ಕೋಡ್‌ಗಳಿಗೆ ಸೇರುತ್ತದೆ, ಈಗ ಆಗಿರುವ ಹೊಸ ಗಾಯ 19ನೆಯ ಅಧ್ಯಾಯದ ಎಸ್ ಕೋಡ್‌ಗಳಿಗೆ ಸೇರುತ್ತದೆ, ಯಾವುದೆಂದು ದಾಖಲೆಯಿಂದ ತಿಳಿಯದಿದ್ದರೆ ವೈದ್ಯರನ್ನೇ ಕೇಳಬೇಕು. ‘ನಿನ್ನೆ ಮತ್ತೆ’ ಎಂಬ ಎರಡು ಪದಗಳಲ್ಲಿ ಹಳತೂ ಹೊಸತೂ ಬೆರೆತಿರುವುದರಿಂದಲೇ ನಿಮ್ಮಿಬ್ಬರಿಗೆ ಎರಡು ದಾರಿ ಕಂಡವು. ಮೆಟ್ಟಿಲಲ್ಲಿ ತಿರುಗಿದಾಗ, ಹಾಸಿಗೆಯಲ್ಲಿ ಹೊರಳಿದಾಗ ಚಿಪ್ಪು ಜಾರಿದ್ದರೆ ಅದು ಹಳೆಯ ಸಡಿಲತೆಯ ಮುಂದುವರಿಕೆ ಎಂದು ವೈದ್ಯರು ಬರೆಯುವ ಸಾಧ್ಯತೆ ಹೆಚ್ಚು. ಹಾರಿ ಇಳಿಯುವಾಗ ಇನ್ನೊಬ್ಬರಿಗೆ ಢಿಕ್ಕಿ ಹೊಡೆದು, ಮಂಡಿಯಲ್ಲಿ ರಕ್ತ ತುಂಬಿ, ಎಂಆರ್‌ಐಯಲ್ಲಿ ಚಿಪ್ಪಿನ ಒಳಬದಿಗೂ ತೊಡೆಮೂಳೆಯ ಹೊರಗಂಟಿಗೂ ಹೊಸ ಪೆಟ್ಟು ಕಂಡಿದ್ದರೆ ಅವರ ತೀರ್ಮಾನ ಬೇರೆಯಾಗಬಹುದು. ಎರಡೂ ಕೋಡ್‌ಗಳನ್ನು ಒಟ್ಟಿಗೆ ಹಾಕಿಬಿಡೋಣ ಎಂಬ ಯೋಚನೆ ಬೇಡ. ಚಿಕಿತ್ಸೆ ನಡೆದ ವರ್ಷದ ಕೋಡ್ ಪುಸ್ತಕದಲ್ಲಿ ಎಂ22 ಮತ್ತು ಎಸ್83ರ ಕೆಳಗಿರುವ ಹೊರಗಿಡುವ ಟಿಪ್ಪಣಿಗಳನ್ನು ಮೊದಲು ಓದಿ, ಅದು ಎರಡನ್ನೂ ಒಟ್ಟಿಗೆ ಹಾಕಬಾರದು ಎನ್ನುವ ಒಂದನೆಯ ಬಗೆಯದೋ, ಎರಡೂ ಇದ್ದರೆ ಒಟ್ಟಿಗೆ ಹಾಕಬಹುದು ಎನ್ನುವ ಎರಡನೆಯ ಬಗೆಯದೋ ನೋಡಿ.

ಆದ್ದರಿಂದ ವೈದ್ಯರಿಗೆ ಕ್ವೆರಿ, ಅಂದರೆ ಸ್ಪಷ್ಟನೆ ಕೋರುವ ಪ್ರಶ್ನೆ ಕಳುಹಿಸಿ. ಅದರಲ್ಲಿ ಉತ್ತರವನ್ನು ಸೂಚಿಸಬೇಡಿ, ಹಣದ ಮಾತು ಎತ್ತಬೇಡಿ. ಟಿಪ್ಪಣಿಯ ಸಾಲುಗಳನ್ನು ಹಾಗೆಯೇ ಉಲ್ಲೇಖಿಸಿ, ಪ್ರತಿ ಸಲವೂ ಆದದ್ದು ಡಿಸ್‌ಲೊಕೇಶನ್ನೋ ಸಬ್‌ಲಕ್ಸೇಶನ್ನೋ ಅಥವಾ ಬೇರೇನಾದರೂ ಆಗಿತ್ತೋ, ನಿನ್ನೆಯದು ಹೊಸ ಗಾಯವೋ ಮರುಕಳಿಕೆಯೋ, ಅಥವಾ ನಿರ್ಧರಿಸಲಾಗದೋ ಎಂದು ಕೇಳಿ. ಮೊದಲ ಸಲ ಯಾವಾಗ, ಹೇಗೆ. ಚಿಪ್ಪು ತಾನಾಗಿ ಕೂತಿತೋ ತುರ್ತು ಚಿಕಿತ್ಸಾ ಘಟಕದಲ್ಲಿ ಕೂರಿಸಿದರೋ. ಮಂಡಿಗೆ ಕಟ್ಟುವ ಪಟ್ಟಿ, ವ್ಯಾಯಾಮ ಎಷ್ಟು ಕಾಲ ನಡೆಯಿತು. ಚಿಪ್ಪನ್ನು ಹೊರಕ್ಕೆ ತಳ್ಳಿದಾಗ ಹುಡುಗಿ ಬೆದರಿ ಕಾಲು ಹಿಂದೆಳೆದಳೋ ಎಂಬುದನ್ನೆಲ್ಲ ವೈದ್ಯರು ಬರೆದಿದ್ದರೆ ಈ ಜಗಳವೇ ಹುಟ್ಟುತ್ತಿರಲಿಲ್ಲ. ನಾಳೆ ಶಸ್ತ್ರಚಿಕಿತ್ಸೆಗೆ ವಿಮೆಯ ಅನುಮತಿ ಕೇಳುವಾಗ ಆ ಹುಡುಗಿಯ ಪರವಾಗಿ ಮಾತನಾಡುವುದು ಈ ಸಾಲುಗಳೇ. ತಪ್ಪು ಕೋಡ್‌ಗಿಂತ ಈ ಬರಿದಾದ ಟಿಪ್ಪಣಿಯೇ ನನ್ನನ್ನು ಹೆಚ್ಚು ಕಾಡುತ್ತದೆ.

ಪ್ರಶ್ನೆ: ಅದೇ ಬಗೆಯ ರೋಗಿಗೆ ಚಿಪ್ಪನ್ನು ತೊಡೆಮೂಳೆಗೆ ಬಿಗಿಯುವ ಒಳಬದಿಯ ಎಂಪಿಎಫ್‌ಎಲ್ ಅಸ್ಥಿರಜ್ಜುವನ್ನು ಮರುನಿರ್ಮಿಸಿದರೆ ಚಿಕಿತ್ಸಾ ವಿಧಾನಗಳ ಅಮೆರಿಕದ ಕೋಡ್ ಪಟ್ಟಿಯಾದ ಸಿಪಿಟಿಯ 27422 ಸರಿಯೋ 27427 ಸರಿಯೋ?

ಉತ್ತರ: ಶಸ್ತ್ರಚಿಕಿತ್ಸೆಯ ಟಿಪ್ಪಣಿ ಓದದೆ ಹೇಳಬಾರದು. 27422 ಜಾರುವ ಚಿಪ್ಪನ್ನು ಸ್ನಾಯುಗಳ ಎಳೆತ ಬದಲಿಸಿ, ಮುಂದಕ್ಕೆ ಸರಿಸಿ ಅಥವಾ ಸಡಿಲಿಸಿ ಸರಿಪಡಿಸುವುದಕ್ಕೆ. 27427 ಕೀಲಿನ ಹೊರಗಿನ ಅಸ್ಥಿರಜ್ಜುವಿನ ಮರುನಿರ್ಮಾಣಕ್ಕೆ. ಕಸಿಗೆ ಸ್ನಾಯುರಜ್ಜು ಎಲ್ಲಿಂದ ಬಂತು, ಚಿಪ್ಪಿನಲ್ಲೂ ತೊಡೆಮೂಳೆಯಲ್ಲೂ ಅದನ್ನು ಎಲ್ಲಿ ಬಿಗಿದರು ಎಂದು ಬರೆದಿದ್ದರೆ 27427ರ ಕಡೆಗೆ ಬಲ ಬರುತ್ತದೆ. ಚಿಪ್ಪಿನ ಹೊರಬದಿಯ ಬಿಗಿ ಕಟ್ಟಿನ ಸಡಿಲಿಕೆಯನ್ನು ಕೀಲುದರ್ಶಕದ ಮೂಲಕ ಮಾಡಿದ್ದರೆ 29873, ತೆರೆದು ಮಾಡಿದ್ದರೆ 27425 ಎಂಬ ಪ್ರತ್ಯೇಕ ಕೋಡ್‌ಗಳಿವೆ ಎಂಬ ಕಾರಣಕ್ಕೆ ಅವನ್ನು ಕಣ್ಣುಮುಚ್ಚಿ ಸೇರಿಸಬೇಡಿ. ಯಾವ ಕೋಡ್‌ಗಳನ್ನು ಜೊತೆಗೂಡಿಸಬಹುದು ಎಂಬ ನಿಯಮಗಳ ಪಟ್ಟಿಯನ್ನು ಶಸ್ತ್ರಚಿಕಿತ್ಸೆ ನಡೆದ ತ್ರೈಮಾಸಿಕಕ್ಕೆ ಪರಿಶೀಲಿಸಿ.

ಪ್ರಶ್ನೆ: ನಾನು ಹುಬ್ಬಳ್ಳಿಯ ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿದ್ದೇನೆ. ನಮ್ಮಲ್ಲಿ ಎಂ22.01 ಬಳಸಬಹುದೇ?

ಉತ್ತರ: ನಿಮ್ಮದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಆಗಿದ್ದರೆ ಅದರಲ್ಲಿ ಎಂ22.0, ಎಂ22.1 ಮತ್ತು ಹೊಸ ಗಾಯಕ್ಕೆ ಎಸ್83.0 ಇವೆ; ಬಲ-ಎಡಗಳ ಅಂಕಿ ಅಮೆರಿಕದ ಆವೃತ್ತಿಯದು. ಹಾಗಾಗಿ ಯಾವ ಕಾಲು ಎಂಬುದನ್ನು ರೋಗನಿರ್ಣಯದ ಸಾಲಿನಲ್ಲೂ ಬಿಡುಗಡೆ ಪತ್ರದಲ್ಲೂ ಅಕ್ಷರದಲ್ಲಿ ಬರೆಯಲು ವೈದ್ಯರಿಗೆ ಒತ್ತಾಯಿಸಿ.