ಚೀನಾದ ಚಿತ್ರಕಾರ ಚಿ ಬೈಶಿಯವರ ಚಿತ್ರಪ್ರದರ್ಶನಗಳಲ್ಲಿ ಸೀಗಡಿ, ಕೋಸು, ಎಮ್ಮೆಗಳೇ ಏಕೆ ಹೆಚ್ಚು?

ಅವು ಅವರ ಬಾಲ್ಯದ ನೆನಪುಗಳು ಎಂಬುದೇ ಮುಖ್ಯ ಕಾರಣ. ಚಿ ಬೈಶಿ (1864–1957) ಹುನಾನ್ ಪ್ರಾಂತ್ಯದ ಶಿಯಾಂಗ್‌ತಾನ್ ಬಳಿಯ ಬಡ ರೈತ ಕುಟುಂಬದಲ್ಲಿ ಹುಟ್ಟಿ, ಹೆಚ್ಚು ಶಾಲೆ ಕಾಣದೆ ದನ ಕಾಯ್ದು, ಸೌದೆ ಆಯ್ದು, ಹದಿಹರೆಯದಲ್ಲಿ ಬಡಗಿ ಕೆಲಸಕ್ಕೆ ಸೇರಿದವರು. ದನ ಕಾಯಲು ಹೋದ ಮೊಮ್ಮಗ ಮರಳಿ ಬರುವ ಸದ್ದು ದೂರದಿಂದಲೇ ಕೇಳಲೆಂದು ಅಜ್ಜಿ ಅವರ ಕೊರಳಿಗೆ ಪುಟ್ಟ ಗಂಟೆ ಕಟ್ಟಿದ್ದರು. ಮುಂದೆ ಅವರು ‘ಗಂಟೆ ಧರಿಸಿದವನು’ ಎಂಬರ್ಥದ ಮುದ್ರೆಯನ್ನೇ ಕೆತ್ತಿಕೊಂಡರು.

ಐವತ್ತು ದಾಟಿದ ಮೇಲೆ ಊರಿನ ಕಡೆಯ ಅಶಾಂತಿಯಿಂದಾಗಿ ಬೀಜಿಂಗ್‌ನಲ್ಲಿ ನೆಲೆಸಿದ ಅವರಿಗೆ ಹುಟ್ಟೂರು ಕಣ್ಣಿಗೆ ದೂರವಾಯಿತು, ಕುಂಚಕ್ಕೆ ಆಗಲಿಲ್ಲ. ವಿದ್ವಾಂಸ ಚಿತ್ರಕಾರರು ಬಿದಿರು, ಆರ್ಕಿಡ್, ಮಂಜು ಕವಿದ ಬೆಟ್ಟಗಳನ್ನು ಬರೆಯುತ್ತಿದ್ದ ಪರಂಪರೆಯೊಳಗೆ ಅವರು ತರಗೆಲೆ ಗೋರುವ ಬಿದಿರಿನ ಸಲಕರಣೆಯನ್ನೂ ಚಿತ್ರಕ್ಕೆ ವಸ್ತುವಾಗಿಸಿದ್ದು, ನನ್ನ ದೃಷ್ಟಿಯಲ್ಲಿ, ಸೀಗಡಿಗಳಿಗಿಂತಲೂ ದಿಟ್ಟವಾದ ಹೆಜ್ಜೆ. ಪಿಯೊನಿಯನ್ನು ಹೂಗಳ ರಾಜನೆನ್ನುವವರು ಕೋಸನ್ನು ತರಕಾರಿಗಳ ರಾಜನೆನ್ನುವುದಿಲ್ಲವಲ್ಲ ಎಂದು ಅವರು ಚಿತ್ರದ ಮೇಲೆಯೇ ಆಕ್ಷೇಪಿಸಿದ್ದುಂಟು.

ಸೀಗಡಿಗಳಿಗೆ ಮೂಲ ಬಾಲ್ಯದ ಕೊಳವಾದರೂ ನೆನಪೊಂದನ್ನೇ ಅವರು ನಂಬಲಿಲ್ಲ: ಮನೆಯಲ್ಲಿ ಜೀವಂತ ಸೀಗಡಿಗಳನ್ನು ಸಾಕಿ, ಗಮನಿಸಿ, ವರ್ಷಗಳ ಕಾಲ ತಿದ್ದಿಕೊಂಡು, ತೆಳುಮಸಿಯಲ್ಲಿಯೇ ದೇಹದ ಪಾರದರ್ಶಕತೆಯನ್ನು ಸಾಧಿಸಿದರು, ನೀರನ್ನು ಬರೆಯದಿದ್ದರೂ ಖಾಲಿ ಕಾಗದವೇ ನೀರಾಗಿ ತೋರುತ್ತದೆ. 1922ರಲ್ಲಿ ಚಿತ್ರಕಾರ ಗೆಳೆಯ ಚೆನ್ ಶಿಜೆಂಗ್ ಅವರು ಚಿ ಬೈಶಿಯವರ ಚಿತ್ರಗಳನ್ನು ಟೋಕಿಯೊ ಪ್ರದರ್ಶನಕ್ಕೆ ಒಯ್ದಾಗ ಅವು ಒಳ್ಳೆಯ ಬೆಲೆಗೆ ಮಾರಾಟವಾದವು. ಬೀಜಿಂಗ್‌ನಲ್ಲಿ ಅವರಿಗೆ ಬೇಡಿಕೆ ಕುದುರಿದ್ದು ಅದರ ನಂತರವೇ.