ಆಸ್ಪತ್ರೆ ಯಾರದ್ದು, ಬಿಲ್ ಕಟ್ಟುವವರು ಯಾರು?

ಪ್ರಶ್ನೆ: ಮಗ ಲಂಡನ್‌ನಲ್ಲಿದ್ದಾನೆ, ಮಗಳು ಮ್ಯೂನಿಕ್‌ನಲ್ಲಿ. ಅಲ್ಲಿ ಚಿಕಿತ್ಸೆಯ ಖರ್ಚೆಲ್ಲ ಸರ್ಕಾರದ್ದೇ ಅಂತ ಇಬ್ಬರೂ ಹೇಳುತ್ತಾರೆ. ಆದರೂ ಮಗಳ ಸಂಬಳದಲ್ಲಿ ತಿಂಗಳಾ ತಿಂಗಳಾ ಅದಕ್ಕೆಂದೇ ದುಡ್ಡು ಹಿಡಿಯುತ್ತಾರಂತೆ, ಮಗನಿಗೆ ಹಾಗಿಲ್ಲ. ಯಾಕೆ ಹೀಗೆ? ನಮ್ಮಲ್ಲಿರುವುದು ಯಾವ ಪದ್ಧತಿ? ನಾವು ಮಗನ ಮನೆಗೆ ಹೋದರೆ ನಮಗೂ ಚಿಕಿತ್ಸೆ ಉಚಿತವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಆಸ್ಪತ್ರೆ ಯಾರದ್ದು, ಬಿಲ್ ಕಟ್ಟುವವರು ಯಾರು, ದರ ಗೊತ್ತುಮಾಡುವವರು ಯಾರು? ಯಾವ ದೇಶದ ಬಗ್ಗೆಯಾದರೂ ಇಷ್ಟು ಕೇಳಿ, ಸರ್ಕಾರದ ಕೈ ಎಷ್ಟಿದೆ ಅಂತ ತಿಳಿಯುತ್ತದೆ.

ಬ್ರಿಟನ್‌ನಲ್ಲಿ ಎನ್‌ಎಚ್‌ಎಸ್, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ, ಶುರುವಾದದ್ದು 1948ರಲ್ಲಿ. ಹೆಚ್ಚಿನ ಆಸ್ಪತ್ರೆಗಳು ಅದರವೇ, ಖರ್ಚು ಬಹುಪಾಲು ತೆರಿಗೆಯಿಂದ. ನಿಮ್ಮ ಮಗ ಆಪರೇಷನ್ ಮುಗಿಸಿಕೊಂಡು ಸೀದಾ ಮನೆಗೆ ಹೋಗಬಹುದು, ಬಿಲ್ ಕೌಂಟರ್‌ಗೆ ಹೋಗುವ ಮಾತೇ ಇಲ್ಲ. ಹಾಗಂತ ಅವನೇನೂ ಕೊಟ್ಟಿಲ್ಲ ಅಂದುಕೊಳ್ಳಬೇಡಿ. ಕೆಲಸದ ವೀಸಾದವರು ಆರೋಗ್ಯ ಶುಲ್ಕವನ್ನು ಮೊದಲೇ ಕಟ್ಟಬೇಕು. 2024ರಿಂದ ಅದು ವರ್ಷಕ್ಕೆ 1,035 ಪೌಂಡ್. ಡಾಕ್ಟರ್, ನರ್ಸ್ ಮುಂತಾದ ಆರೋಗ್ಯ ಸಿಬ್ಬಂದಿಯ ವೀಸಾಗೆ ವಿನಾಯಿತಿ ಇದೆ. ಅಲ್ಲಿನ ನಿಜವಾದ ಕಷ್ಟ ಕಾಯುವುದು. ತುರ್ತಲ್ಲದ ಚಿಕಿತ್ಸೆ 18 ವಾರದೊಳಗೆ ಶುರುವಾಗಬೇಕು ಅನ್ನುವ ಗುರಿ ಇಂಗ್ಲೆಂಡ್‌ನಲ್ಲಿ ಎಷ್ಟೋ ವರ್ಷಗಳಿಂದ ಈಡೇರಿಲ್ಲ.

ಜರ್ಮನಿಯದ್ದು ಇನ್ನೂ ಹಳೆಯದು, 1883ರಲ್ಲಿ ಆಗಿನ ಚಾನ್ಸಲರ್ ಬಿಸ್ಮಾರ್ಕ್ ತಂದ ಕಾನೂನಿನಿಂದ ಬಂದದ್ದು. ಮಗಳ ಸ್ಯಾಲರಿ ಸ್ಲಿಪ್ ತೋರಿಸಲು ಹೇಳಿ. ಮೂಲ ದರ ಸಂಬಳದ 14.6%. ಅದರಲ್ಲಿ ಅರ್ಧ ಅವಳದ್ದು, ಅರ್ಧ ಕಂಪನಿಯದ್ದು. ಮೇಲೆ ಸ್ವಲ್ಪ ಹೆಚ್ಚುವರಿ ಇರುತ್ತದೆ, ಅದೂ ಅರ್ಧರ್ಧ. ಈ ಹಣ ಹೋಗುವುದು ಆರೋಗ್ಯ ನಿಧಿಗಳಿಗೆ. ಅವು ಸರ್ಕಾರದ ಇಲಾಖೆಗಳಲ್ಲ, ಕಾನೂನಿನ ಹಿಡಿತದಲ್ಲಿರುವ ಸ್ವತಂತ್ರ ಸಂಸ್ಥೆಗಳು. ಆಸ್ಪತ್ರೆ ಊರಿನದ್ದಿರಬಹುದು, ಚರ್ಚಿನದ್ದಿರಬಹುದು, ಖಾಸಗಿಯದ್ದೂ ಇರಬಹುದು. ಅಡ್ಮಿಟ್ ಆದರೆ ದಿನಕ್ಕೆ 10 ಯೂರೋ ಕೈಯಿಂದ ಕೊಡಬೇಕು, ಅದೂ ವರ್ಷಕ್ಕೆ 28 ದಿನದವರೆಗೆ ಮಾತ್ರ.

ನಮ್ಮಲ್ಲಿ ಎಲ್ಲವೂ ಸ್ವಲ್ಪ ಸ್ವಲ್ಪ ಇದೆ. ಪಿಎಚ್‌ಸಿ, ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ ಬ್ರಿಟನ್ ಮಾದರಿ. ಕೆಲಸಗಾರರೂ ಕಂಪನಿಯೂ ದುಡ್ಡು ಹಾಕುವ ಇಎಸ್‌ಐ ವಿಮೆ ಜರ್ಮನಿಯ ಕಡೆಯದ್ದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸರ್ಕಾರವೇ ಕೊಡುತ್ತದೆ, ಆಸ್ಪತ್ರೆ ಖಾಸಗಿಯದ್ದಾದರೂ ಸರಿ. ಇಷ್ಟೆಲ್ಲ ಇದ್ದೂ 2021–22ರ ಲೆಕ್ಕದಲ್ಲಿ ದೇಶದ ಆರೋಗ್ಯ ಖರ್ಚಿನ ಪ್ರತಿ ರೂಪಾಯಿಯಲ್ಲಿ ಸುಮಾರು 39 ಪೈಸೆ ಜನರ ಜೇಬಿನಿಂದಲೇ ಹೋಗಿದೆ.

ನನಗೆ ಬೇಸರ ಇಲ್ಲೇ. ಹಾರ್ಟ್‌ಗೆ ಸ್ಟೆಂಟ್ ಹಾಕಬೇಕಾದರೆ ಆಯುಷ್ಮಾನ್ ಕಾರ್ಡ್ ನಡೆಯುತ್ತದೆ. ಆ ಸ್ಥಿತಿ ಬರದಂತೆ ತಡೆಯುವ ಬಿಪಿ ಮಾತ್ರೆಗೆ ಮೆಡಿಕಲ್ ಶಾಪ್‌ನಲ್ಲಿ ಆ ಕಾರ್ಡ್ ನಡೆಯುವುದಿಲ್ಲ. ದುಡ್ಡಿಲ್ಲದ ತಿಂಗಳು ಮನೆಯಲ್ಲಿ ಮೊದಲು ನಿಲ್ಲುವುದು ಅಜ್ಜಿಯ ಮಾತ್ರೆ ಅಲ್ವಾ? ಅಕ್ಕಪಕ್ಕದಲ್ಲಿ ಅಂಥವರಿದ್ದರೆ ಪಿಎಚ್‌ಸಿಗೆ ಕಳಿಸಿ. ಬಿಪಿ, ಶುಗರ್ ಮಾತ್ರೆ ಅಲ್ಲಿ ಉಚಿತವಾಗಿ ಕೊಡುತ್ತಾರೆ.

ಇನ್ನು ನಿಮ್ಮ ಪ್ರಯಾಣ. ನೋಡಿಕೊಂಡು ಬರಲು ಹೋದವರಿಗೆ ಎನ್‌ಎಚ್‌ಎಸ್ ಉಚಿತವಲ್ಲ. ತುರ್ತು ವಿಭಾಗದಲ್ಲಿ ನೋಡುವುದಕ್ಕೆ ದುಡ್ಡಿಲ್ಲ. ಆದರೆ ಅಡ್ಮಿಟ್ ಆದರೆ ಮಾಮೂಲಿ ದರದ ಒಂದೂವರೆ ಪಟ್ಟು ಬಿಲ್ ಬರುತ್ತದೆ. ಟಿಕೆಟ್ ಜೊತೆಗೇ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ. ಬಿಪಿ, ಶುಗರ್ ಇದ್ದರೆ ಫಾರ್ಮ್‌ನಲ್ಲಿ ಮುಚ್ಚಿಡದೆ ಬರೆಯಿರಿ.