ಗಣಿತ ಬಿಡುವ ಮೊದಲು ಈ ಲೆಕ್ಕ ಹಾಕಿ

ಬೆಳಗಾವಿಯ ಅಟಾನಮಸ್ ಕಾಲೇಜು, ಮೂರನೇ ಸೆಮ್, 4 ಕ್ರೆಡಿಟ್‌ನ ಗಣಿತ, ಮೊದಲ ಇಂಟರ್ನಲ್‌ನಲ್ಲಿ 50ಕ್ಕೆ 11. ಸಿಜಿಪಿಎ (ಎಲ್ಲ ಸೆಮ್‌ಗಳ ಸರಾಸರಿ ಪಾಯಿಂಟ್) ಉಳಿಸಲು ಡ್ರಾಪ್ ಮಾಡಲಾ, ಅಂದರೆ ಈ ಸೆಮ್‌ಗೆ ಗಣಿತ ಬಿಟ್ಟು ಮುಂದೆ ಓದಲಾ ಅಂತ ಕೇಳಿದ್ದೀರಿ. ಗಾಬರಿ ಆಗಬೇಡಿ. 20 ಕ್ರೆಡಿಟ್‌ನ ಸೆಮ್‌ನಲ್ಲಿ ಉಳಿದ 16ಕ್ಕೂ 8 ಪಾಯಿಂಟ್ ಬಂದು, ಗಣಿತ ಬರೀ 4 ಪಾಯಿಂಟ್‌ನಲ್ಲಿ ಪಾಸಾದರೂ ಎಸ್‌ಜಿಪಿಎ (ಈ ಒಂದು ಸೆಮ್‌ನ ಸರಾಸರಿ) 7.2 ಆಗುತ್ತೆ. ಫೇಲಾದರೆ 6.4. ಪಾಸಾದರೆ ಹೊಡೆತ ಅಷ್ಟೇನೂ ದೊಡ್ಡದಲ್ಲ, ಅಲ್ವಾ?

ನಾನು ಒಂದು ಪೇಪರ್ ಹೀಗೇ ಬಿಟ್ಟಿದ್ದೆ. ಮರುವರ್ಷ ಅದರ ಕ್ಲಾಸು ಲ್ಯಾಬಿಗೆ ಒತ್ತಿಕೊಂಡೇ ಬಂತು. ಕೂತು ಉಣ್ಣಲು ಹೊತ್ತಿಲ್ಲದೆ, ಕೈಯಲ್ಲಿ ರೊಟ್ಟಿ ಸುರುಳಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಆ ಸೆಮ್ ತುಂಬಾ ಜಗ್ಗಿತು.

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಡೆ ಇಂಟರ್ನಲ್ ಪಾಸಿಗೆ 50ಕ್ಕೆ 20 ಬೇಕು. ಅಸೈನ್‌ಮೆಂಟ್ ಸೇರಿಸಿ ಅಷ್ಟು ಮುಟ್ಟುವಂತಿದ್ದರೆ ದಯವಿಟ್ಟು ಬಿಡಬೇಡಿ. ಆಗೋದೇ ಇಲ್ಲ ಅನ್ನಿಸಿದರೆ ನಾಳೆಯೇ ಮೆಂಟರ್ ಹತ್ತಿರ ಹೋಗಿ, ಡ್ರಾಪ್‌ಗೆ ಕೊನೇ ದಿನ ಯಾವುದು ಅಂತ ಕೇಳಿ.